ಮಾಡಿನ ದಂಬೆಗೂ ತೋಟದ ಕಣಿಯಷ್ಟೇ ಗಮನ ಬೇಕು

ಪತ್ತನಾಜೆ ಹತ್ತಿರವಾಗುತ್ತಿದ್ದಂತೆ ಬಿ.ಸಿ.ರೋಡಿನ ಸುತ್ತಮುತ್ತಲಿನ ಕೃಷಿಕರಿಗೆ ಬಿಡುವೆಂಬುದಿರುವುದಿಲ್ಲ. ತೋಟದ ಕಣಿಗಳ ಹೂಳು ತೆಗೆಸಬೇಕು. ಕಟ್ಟಿಗೆ, ತರಗೆಲೆಗಳನ್ನು ಒಳಗೆ ಸೇರಿಸಬೇಕು. ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ ತಂದಿಡಬೇಕು. ಅಂಗಳದಲ್ಲಿ ಉಳಿದ ಅಡಿಕೆಯನ್ನು ಒಣಗಿಸಿ ಗೋಣಿಗೆ ತುಂಬಬೇಕು. ಹಟ್ಟಿಗೆ ಸೊಪ್ಪು ಬೇಕು. ತುಳುವರ ಲೆಕ್ಕದಲ್ಲಿ ಬೇಶ್ಯ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ, ಕೋಲ ನೇಮಗಳು ಮುಗಿದು ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುವಷ್ಟರಲ್ಲಿ ಈ ಕೆಲಸಗಳೆಲ್ಲ ಒಂದು ಹಂತಕ್ಕೆ ಬಂದಿರಬೇಕೆಂಬುದು ಹಿಂದಿನಿಂದ ಬಂದ ಕ್ರಮ.

ಈ ಪಟ್ಟಿಯಲ್ಲಿ ಮನೆಯ ಮಾಡಿನ ಅಂಚಿನಲ್ಲಿರುವ ದಂಬೆ ಮಾತ್ರ ಕಾಣಿಸುವುದಿಲ್ಲ. ಅದು ನೆನಪಾಗುವುದು ಜೂನ್ ತಿಂಗಳ ಒಂದು ರಾತ್ರಿ, ಸೂರಿನ ನೀರು ಪೈಪಿನಲ್ಲಿ ಇಳಿಯುವ ಬದಲು ಗೋಡೆಯ ಮೇಲೆ ಇಳಿಯತೊಡಗಿದಾಗ. ಆಗ ಮನೆಯ ಯಜಮಾನರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಏಣಿ ಹತ್ತುತ್ತಾರೆ. ನಾನೂ ಹಾಗೆ ಹತ್ತಿದವನೇ. ಆದುದರಿಂದ ಈ ಮಾತನ್ನು ಯಾರನ್ನೂ ಆಕ್ಷೇಪಿಸಲು ಬರೆಯುತ್ತಿಲ್ಲ.

ಕಣಿಯಲ್ಲಿ ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ, ಮರ ಸೊರಗುತ್ತದೆ ಎಂಬುದು ನಮ್ಮ ತಾಲೂಕಿನಲ್ಲಿ ಮಕ್ಕಳಿಗೂ ಗೊತ್ತು. ತೋಟದ ಕಣಿ ಮುಚ್ಚಿಹೋಗಲು ಬಿಟ್ಟವನನ್ನು ನೆರೆಯವರು ಒಳ್ಳೆಯ ಕೃಷಿಕನೆಂದು ಒಪ್ಪುವುದಿಲ್ಲ. ಆದರೆ ಅದೇ ಕೃಷಿಕನ ಮನೆಯ ದಂಬೆಯಲ್ಲಿ ಎರಡು ವರ್ಷದ ಎಲೆ ಕೊಳೆತು ಗೊಬ್ಬರವಾಗಿದ್ದರೆ ಯಾರೂ ಏನೂ ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಒಂದೇ ಕೆಲಸ. ಮಾಡಿನ ದಂಬೆಯೆಂದರೆ ನಮ್ಮ ಜಮೀನಿನ ಎಲ್ಲಕ್ಕಿಂತ ಎತ್ತರದಲ್ಲಿರುವ ಕಣಿ. ಅದನ್ನು ಕೃಷಿ ಕೆಲಸಗಳ ಪಟ್ಟಿಗೆ ಸೇರಿಸಬೇಕು, ಅದಕ್ಕೆ ಆಳಿನ ಲೆಕ್ಕ ಇಡಬೇಕು.

ಹಿಂದೆ ಈ ಮಾತನ್ನು ಹೇಳುವ ಅಗತ್ಯವೇ ಇರಲಿಲ್ಲ. ಮುಳಿಹುಲ್ಲಿನ ಮಾಡುಗಳಿಗೆ ದಂಬೆ ಬೇಕಿರಲಿಲ್ಲ. ನೀರು ಸೂರಿನಿಂದ ನೇರವಾಗಿ ಅಂಗಳಕ್ಕೆ ಬಿದ್ದು ಹರಿಯುತ್ತಿತ್ತು. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಂಚಿನ ಮಾಡು ಕ್ರಮೇಣ ಊರೂರಿಗೆ ಬಂತು. ಅಲ್ಲಿಯೂ ಸೂರನ್ನು ಎರಡು ಮೂರು ಅಡಿ ಮುಂದಕ್ಕೆ ಚಾಚಿ ಕಟ್ಟುತ್ತಿದ್ದುದರಿಂದ ನೀರು ಗೋಡೆಯಿಂದ ದೂರವೇ ಬೀಳುತ್ತಿತ್ತು. ಬಾಗಿಲಿನ ಎದುರು, ಹಟ್ಟಿಗೂ ಮನೆಗೂ ನಡುವೆ, ಒಳ ಅಂಗಳದ ಸುತ್ತ, ಇಂಥ ಕೆಲವೇ ಕಡೆ ದಂಬೆ ಇರುತ್ತಿತ್ತು. ಅದು ಅಡಿಕೆ ಮರವನ್ನು ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದು ಮಾಡಿದ ದಂಬೆ.

ಅಡಿಕೆ ಮರದ ದಂಬೆಗೆ ಒಂದು ದೊಡ್ಡ ದೋಷವಿತ್ತು. ಅದು ಒಂದೆರಡು ಮಳೆಗಾಲಕ್ಕೆ ಕುಂಬಾಗುತ್ತಿತ್ತು. ಈಗ ಯೋಚಿಸಿದರೆ ಆ ದೋಷವೇ ಅದರ ಗುಣವಾಗಿತ್ತೆಂದು ತೋರುತ್ತದೆ. ಮಳೆಗಾಲಕ್ಕೆ ಮೊದಲು ಅದನ್ನು ಕೆಳಗಿಳಿಸಿ ನೋಡಲೇಬೇಕಿತ್ತು. ಗಟ್ಟಿಯಿದ್ದರೆ ಗುಡಿಸಿ ಮತ್ತೆ ಕಟ್ಟುತ್ತಿದ್ದರು, ಕುಂಬಾಗಿದ್ದರೆ ಹೊಸ ಮರ ಸೀಳುತ್ತಿದ್ದರು. ಹೀಗೆ ದಂಬೆ ವರ್ಷಕ್ಕೊಮ್ಮೆ ತಾನಾಗಿಯೇ ಶುಚಿಯಾಗುತ್ತಿತ್ತು. ನಮ್ಮಜ್ಜ ದಂಬೆ ಗುಡಿಸಲು ಯಾರಿಗೂ ಹೇಳಿದ್ದು ನನಗೆ ನೆನಪಿಲ್ಲ. ದಂಬೆ ಬದಲಿಸಲು ಹೇಳುತ್ತಿದ್ದರು, ಅಷ್ಟೇ.

ಈಗ ತಗಡಿನ ದಂಬೆ, ಪಿ.ವಿ.ಸಿ. ದಂಬೆ ಬಂದಿವೆ. ಒಮ್ಮೆ ಕಟ್ಟಿದರೆ ಹತ್ತಾರು ವರ್ಷ ಬಾಳುತ್ತವೆ. ಬಾಳುತ್ತವೆಂಬ ಧೈರ್ಯದಿಂದಲೇ ನಾವು ಅತ್ತ ತಲೆ ಎತ್ತಿ ನೋಡುವುದಿಲ್ಲ. ಇನ್ನೊಂದು ಬದಲಾವಣೆಯೂ ಆಗಿದೆ. ತಾರಸಿ ಮನೆ ಕಟ್ಟಿದವರು ಸೋರುವುದು ತಪ್ಪಲಿ, ಅಡಿಕೆ ಒಣಗಿಸಲೂ ಜಾಗವಾಗಲಿ ಎಂದು ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತಿದ್ದಾರೆ. ಬಿ.ಸಿ.ರೋಡ್, ಪಾಣೆಮಂಗಳೂರು, ಬಂಟ್ವಾಳ ಪೇಟೆಯ ಕಡೆ ಮನೆಗಳು ಒತ್ತಾಗಿ ಬೆಳೆದಿರುವುದರಿಂದ ಶೀಟಿನ ನೀರನ್ನು ನೆರೆಯವರ ಹಿತ್ತಿಲಿಗೆ ಬೀಳಲು ಬಿಡುವಂತಿಲ್ಲ. ಆದುದರಿಂದ ನಾಲ್ಕೂ ಕಡೆ ದಂಬೆ ಕಟ್ಟಲೇಬೇಕು. ಅದು ನೆಲದಿಂದ ಇಪ್ಪತ್ತು ಇಪ್ಪತ್ತೈದು ಅಡಿ ಎತ್ತರದಲ್ಲಿರುತ್ತದೆ. ದಂಬೆಯ ಉದ್ದ ಹೆಚ್ಚಿತು, ಎತ್ತರ ಹೆಚ್ಚಿತು, ಅದನ್ನು ನೋಡುವ ಕಣ್ಣು ಮಾತ್ರ ಕಡಿಮೆಯಾಯಿತು.

ನೀರಿನ ಪ್ರಮಾಣವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಸಾವಿರ ಚದರ ಅಡಿಯ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್ ನೀರಾಗುತ್ತದೆ. ಆಟಿ ತಿಂಗಳ ಬಿರುಸಿನಲ್ಲಿ ಒಂದು ಗಂಟೆಗೆ 50 ಮಿಲಿಮೀಟರ್ ಸುರಿದರೆ 4,650 ಲೀಟರ್, ಅಂದರೆ ನಿಮಿಷವೊಂದಕ್ಕೆ ಐದು ಕೊಡದಷ್ಟು ನೀರು. ಅಷ್ಟು ನೀರು ಒಂದೆರಡು ಪೈಪುಗಳ ಬಾಯಿಯಿಂದ ಇಳಿಯಬೇಕು. ಆ ಬಾಯಿಗೆ ಒಂದು ಹಲಸಿನ ಎಲೆ ಅಂಟಿಕೊಂಡರೆ ಸಾಕು, ಅದರ ಹಿಂದೆ ಬಂದ ಕಸವೆಲ್ಲ ಅಲ್ಲೇ ನಿಲ್ಲುತ್ತದೆ. ಬಂಟ್ವಾಳದವರಾದ ನಾವು 1923ರ ನೆರೆ, 1974ರ ನೆರೆ ಎಂದು ನೀರನ್ನು ಯಾವಾಗಲೂ ನೇತ್ರಾವತಿಯ ಮಟ್ಟದಿಂದಲೇ ಅಳೆಯುತ್ತೇವೆ. ತಲೆಯ ಮೇಲಿನ ಮಾಡಿನಲ್ಲಿ ಹರಿಯುವ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಭಾರದ ಲೆಕ್ಕವೂ ಇದೆ. ಆರಂಗುಲ ಅಗಲದ ಅರ್ಧವೃತ್ತಾಕಾರದ ದಂಬೆ 40 ಅಡಿ ಉದ್ದಕ್ಕೆ ತುಂಬಿ ನಿಂತರೆ ಸುಮಾರು 110 ಕಿಲೋ ತೂಗುತ್ತದೆ. ಒದ್ದೆ ಎಲೆ, ಮಣ್ಣು ಸೇರಿದರೆ ಆ ಭಾರ ನೀರಿನಂತೆ ಹರಿದು ಹೋಗುವುದಿಲ್ಲ, ವಾರಗಟ್ಟಲೆ ನಿಲ್ಲುತ್ತದೆ. ಕೊಕ್ಕೆಗಳು ಬಾಗುತ್ತವೆ. ಬಾಗಿದಲ್ಲಿ ತಗ್ಗಾಗುತ್ತದೆ, ತಗ್ಗಿನಲ್ಲಿ ಇನ್ನಷ್ಟು ಕಸ ನಿಲ್ಲುತ್ತದೆ. ದಂಬೆ ಒಮ್ಮೆ ಹೀಗೆ ಜೋಲು ಬಿದ್ದ ಮೇಲೆ ಎಷ್ಟು ಗುಡಿಸಿದರೂ ಪ್ರಯೋಜನ ಕಡಿಮೆ. ಕೊಕ್ಕೆ ಬಿಚ್ಚಿ, ಹತ್ತು ಅಡಿಗೆ ಒಂದು ಅಂಗುಲದಷ್ಟು ಇಳಿಜಾರು ಕೊಟ್ಟು ಮತ್ತೆ ಕಟ್ಟಬೇಕು.

ನಮ್ಮ ಮನೆಯಲ್ಲಿ ಆದ ನಷ್ಟವನ್ನು ಹೇಳುತ್ತೇನೆ. ಹಳೆಯ ಹಂಚಿನ ಮನೆಗೆ ಒಂದು ಕೋಣೆ ಸೇರಿಸಿ ಕಟ್ಟಿದಾಗ ಎರಡು ಮಾಡುಗಳು ಒಳಮುಖವಾಗಿ ಕೂಡುವ ಒಂದು ಸಂದು ಉಂಟಾಯಿತು. ಅಲ್ಲಿಗೆ ತಗಡಿನ ಅಗಲವಾದ ದಂಬೆ ಹಾಕಿಸಿದೆವು. ಮೊದಲಿನ ಮೂರು ನಾಲ್ಕು ಮಳೆಗಾಲ ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಯಾರೂ ಹತ್ತಿ ನೋಡಲೂ ಇಲ್ಲ. ಆ ವರ್ಷ ಅಡಿಕೆಯ ದರ ಏರಬಹುದೆಂದು ಚಾಲಿಯನ್ನು ಮಾರದೆ ಅಟ್ಟದಲ್ಲಿ ಗೋಣಿಗಳಲ್ಲಿ ಇಟ್ಟಿದ್ದೆವು. ಆಟಿಯಲ್ಲಿ ಮೂರು ದಿನ ಬಿಡದೆ ಮಳೆ ಸುರಿಯಿತು. ಆ ಸಂದಿಯ ದಂಬೆ ತುಂಬಿ, ನೀರು ಹೊರಕ್ಕೆ ಹೋಗಲು ದಾರಿಯಿಲ್ಲದೆ ಹಂಚಿನ ಅಡಿಯಿಂದ ಒಳಕ್ಕೆ ನುಗ್ಗಿತು. ಅಟ್ಟದ ಹಲಗೆಯ ಮೇಲೆ ಹರಡಿದ್ದರಿಂದ ಕೆಳಗಿನವರಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದ ಮೇಲೆ ನೋಡಿದರೆ ಅಡಿಯ ಸಾಲಿನ ಗೋಣಿಗಳ ಅಡಿಕೆ ಬೂಸ್ಟು ಹಿಡಿದಿತ್ತು. ಒಡೆದು ನೋಡಿದರೆ ಒಳಗೂ ಕಪ್ಪು. ಅದನ್ನು ಯಾವ ದರಕ್ಕೆ ಕೊಟ್ಟೆವೆಂದು ಬರೆಯಲು ಮನಸ್ಸಾಗುವುದಿಲ್ಲ. ಕೊಳೆರೋಗದಿಂದ ಕಾಯಿ ಉಳಿಸಲು ಆಳು ಹಾಕಿ, ಎರಡು ಸಲ ಮದ್ದು ಬಿಟ್ಟು, ಕೊಯ್ದು, ಒಣಗಿಸಿ, ಸುಲಿದು ಇಟ್ಟ ಬೆಳೆ ಮನೆಯೊಳಗೇ ಕೊಳೆತಿತು. ಕಾರಣ ಒಂದು ಬುಟ್ಟಿ ಮಾವಿನ ಎಲೆ. ಪಕ್ಕಾಸು, ರೀಪುಗಳು ಆಗಲೇ ಮೆದುವಾಗಿದ್ದವು. ಮರುವರ್ಷ ಅವುಗಳಿಗೆ ಗೆದ್ದಲು ಹಿಡಿಯಿತು, ಆ ಭಾಗದ ಮಾಡನ್ನು ಬಿಚ್ಚಿ ಕಟ್ಟಬೇಕಾಯಿತು.

ಅಂದು ದಂಬೆ ತೆಗೆಯಲು ಹತ್ತಿದ ಕೆಲಸದವರು ಮೇಲಿನಿಂದ ಕೂಗಿ ಹೇಳಿದರು, “ಅಣ್ಣಾ, ಇಲ್ಲಿ ಗೋಳಿಯ ಗಿಡ ಮೊಣಕಾಲೆತ್ತರ ಬೆಳೆದಿದೆ, ಇನ್ನು ಕಟ್ಟೆ ಕಟ್ಟಿಸುವುದೊಂದೇ ಬಾಕಿ.” ಹಕ್ಕಿಗಳು ಹಾಕಿದ ಬೀಜ, ಕೊಳೆತ ಎಲೆಯ ಗೊಬ್ಬರ, ನಾಲ್ಕು ತಿಂಗಳು ನೀರು. ನರ್ಸರಿಯಲ್ಲಿಯೂ ಅಷ್ಟು ಅನುಕೂಲ ಇರುವುದಿಲ್ಲ.

ಯಾವ ಮರದ ಕಸ ಹೇಗೆ ಕಟ್ಟುತ್ತದೆಂಬುದನ್ನು ತಿಳಿದಿರುವುದು ಉಪಯುಕ್ತ. ಹಲಸು, ಮಾವಿನ ಎಲೆಗಳು ದೊಡ್ಡವು. ಕಣ್ಣಿಗೆ ಕಾಣುತ್ತವೆ, ತೆಗೆಯಲೂ ಸುಲಭ. ತೆಂಗಿನ ಗಂಡು ಹೂಗಳು ವರ್ಷವಿಡೀ ಉದುರುತ್ತವೆ. ಕಾಳಿನಷ್ಟು ಚಿಕ್ಕವಾದ ಇವು ನೀರಿನೊಡನೆ ಹರಿದು ಪೈಪಿನ ತಿರುವಿನಲ್ಲಿ ಹೋಗಿ ಕೂರುತ್ತವೆ. ಮಾವಿನ ಹೂವಿನ ಪುಡಿ, ಹುಣಸೆಯ ಎಲೆ ಸಹ ಹೀಗೆಯೇ. ಎಲ್ಲಕ್ಕಿಂತ ಕಷ್ಟ ಕೊಡುವುದು ಅಕೇಶಿಯ. ನಮ್ಮ ಗುಡ್ಡಗಳಲ್ಲಿ ನೆಟ್ಟು ಬೆಳೆಸಿದ ಈ ಮರದ ಕುಡುಗೋಲಿನಂತಹ ಎಲೆ ಬೇಗ ಕೊಳೆಯುವುದಿಲ್ಲ. ಒಂದರ ಮೇಲೊಂದು ಅಡ್ಡ ಬಿದ್ದು ಚಾಪೆ ಹೆಣೆದಂತೆ ಕೂಡಿಕೊಳ್ಳುತ್ತದೆ. ಗುಡ್ಡದ ಬದಿಯ ಮನೆಗಳಿಗೆ ಮರ ಐವತ್ತು ಅಡಿ ದೂರದಲ್ಲಿದ್ದರೂ ಗಾಳಿಗೆ ಎಲೆ ಬಂದು ಬೀಳುತ್ತದೆ. ಮಾಡಿನ ಮೇಲೆ ಚಾಚಿದ ಗೆಲ್ಲುಗಳನ್ನು ಬೇಸಿಗೆಯಲ್ಲೇ ಕಡಿಸುವುದು ಒಳ್ಳೆಯದು. ಆದರೆ ಕಸದ ಕಾಟಕ್ಕೆಂದು ಹಲಸಿನ ಮರವನ್ನೇ ಕಡಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೆ ಎರಡು ದಿನದ ಕೆಲಸ ಉಳಿಸಲು ನೂರು ಹಣ್ಣು ಕೊಡುವ ಮರ ಕಳೆದುಕೊಳ್ಳುವುದು ಯಾವ ಲೆಕ್ಕ?

ದಂಬೆಯನ್ನು ಯಾವಾಗ ತೆಗೆಯಬೇಕು ಎಂಬ ವಿಷಯದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಶ್ರದ್ಧೆಯುಳ್ಳವರು ಕೂಡ ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೆ ತೆಗೆಸಿ ಕೆಲಸ ಮುಗಿಯಿತೆನ್ನುತ್ತಾರೆ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ಅತಿ ಹೆಚ್ಚು ಎಲೆ, ಕಡ್ಡಿಗಳು ಬಂದು ಬೀಳುತ್ತವೆ. ಬೇಸಿಗೆಯಲ್ಲಿ ಹಂಚಿನ ಮೇಲೆ ಕೂತ ಧೂಳು, ಪಾಚಿಯ ಒಣ ಹೊಟ್ಟು ಮೊದಲ ಮಳೆಗೆ ತೊಳೆದು ಬಂದು ಆ ಎಲೆಗಳಿಗೆ ಕೆಸರಿನಂತೆ ಅಂಟುತ್ತದೆ. ಆದುದರಿಂದ ಪತ್ತನಾಜೆಯ ಆಸುಪಾಸಿನಲ್ಲಿ ಒಮ್ಮೆ, ಜೂನ್‌ನ ಮಳೆ ಹಿಡಿದು ಹತ್ತು ಹದಿನೈದು ದಿನಗಳಾದಾಗ ಸಿಗುವ ಮೊದಲ ಹೊಳವಿನಲ್ಲಿ ಇನ್ನೊಮ್ಮೆ ತೆಗೆಯಬೇಕು. ಈ ಎರಡನೆಯದೇ ಮುಖ್ಯ. ಸೋಣ ಕಳೆದ ಮೇಲೆ ಮೂರನೆಯ ಸಲ ಮಾಡಿದರೆ ಹಿಂಗಾರಿಗೂ ಅನುಕೂಲ. ಒಂದೇ ಸಲ ಮಾಡುವುದಾದರೆ ಮಾರ್ಚ್‌ನದನ್ನು ಬಿಟ್ಟುಬಿಡಿ ಎನ್ನುತ್ತೇನೆ.

ಪೇಟೆಯಲ್ಲಿ ದಂಬೆಯ ಮೇಲೆ ಹೊದೆಸುವ ಬಲೆ ಸಿಗುತ್ತದೆ. ಇದನ್ನು ಹಾಕಿದರೆ ಮತ್ತೆ ಹತ್ತಬೇಕಾಗಿಲ್ಲವೆಂದು ಮಾರುವವರು ಹೇಳುತ್ತಾರೆ. ಹಲಸಿನ ಎಲೆ ಮಾತ್ರ ಬೀಳುವಲ್ಲಿ ಅದು ಸರಿಯಾದೀತು. ಅಕೇಶಿಯ ಇರುವಲ್ಲಿ ಎಲೆ ಬಲೆಯ ಮೇಲೆಯೇ ಚಾಪೆಯಾಗಿ ನಿಂತು ನೀರು ದಂಬೆಗೆ ಇಳಿಯದೆ ಹೊರಗೆ ಹಾರುತ್ತದೆ. ಸಣ್ಣ ಕಸ ಬಲೆಯೊಳಗೆ ಇಳಿದು ಕೂತರೆ ಬಲೆ ಬಿಚ್ಚದೆ ತೆಗೆಯಲಾಗುವುದಿಲ್ಲ. ಪೈಪಿನ ಬಾಯಿಗೆ ಮಾತ್ರ ದಪ್ಪ ತಂತಿಯ ಬಲೆಯನ್ನು ಬೋರಲು ಗಿಂಡಿಯಂತೆ ಉಬ್ಬಿಸಿ ಕೂರಿಸಿದರೆ ಸಾಕು. ಸಪಾಟಾದ ಬಲೆ ಒಂದೇ ಎಲೆಗೆ ಮುಚ್ಚಿಕೊಳ್ಳುತ್ತದೆ. ಉಬ್ಬಿದ ಬಲೆಯ ಬುಡದಲ್ಲಿ ಕಸ ನಿಂತರೂ ಮೇಲಿನ ಭಾಗದಿಂದ ನೀರು ಇಳಿಯುತ್ತಿರುತ್ತದೆ.

ಕೆಲಸ ಮಾಡುವವರ ಸುರಕ್ಷಿತತೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮಳೆಗಾಲದ ಹಂಚು ಪಾಚಿ ಹಿಡಿದು ಜಾರುತ್ತದೆ. ಹಳೆಯ ಸಿಮೆಂಟು ಶೀಟು ಕಾಲಿಟ್ಟರೆ ಒಡೆಯುತ್ತದೆ. ಆದುದರಿಂದ ಮಾಡಿನ ಮೇಲೆ ನಡೆಯದೆ ಏಣಿಯ ಮೇಲೆ ನಿಂತು ಕೈಗೆಟಕುವಷ್ಟು ಮಾತ್ರ ತೆಗೆದು, ಇಳಿದು, ಏಣಿಯನ್ನು ಸರಿಸಿ ಮತ್ತೆ ಹತ್ತಬೇಕು. ಏಣಿಯನ್ನು ದಂಬೆಗೆ ಒರಗಿಸಬಾರದು. ಕೆಳಗೆ ಏಣಿ ಹಿಡಿಯಲು ಇನ್ನೊಬ್ಬರು ಇರಲೇಬೇಕು. ಮಳೆ ಸುರಿಯುವಾಗ, ರಾತ್ರಿಯಲ್ಲಿ ಹತ್ತಬಾರದು. ನೀರು ಸೋರಿದರೆ ಒಂದು ರಾತ್ರಿ ಸೋರಲಿ, ಕೆಳಗೆ ಬಕೆಟು ಇಡಿ. ಮನೆಗೆ ಬರುವ ವಿದ್ಯುತ್ ತಂತಿ ಹೆಚ್ಚಾಗಿ ಸೂರಿನ ಮೂಲೆಯಲ್ಲೇ ಹಾದಿರುತ್ತದೆ. ಅಡಿಕೆ ಕೊಯ್ಯಲೆಂದು ತಂದ ಅಲ್ಯೂಮಿನಿಯಂ ದೋಟಿಯನ್ನು, ಅಲ್ಯೂಮಿನಿಯಂ ಏಣಿಯನ್ನು ಅದರ ಬಳಿಗೆ ಒಯ್ಯಲೇಬಾರದು. ಬಿದಿರಿನ ಏಣಿಯಾದರೂ ಒದ್ದೆಯಾಗಿದ್ದರೆ ಅಪಾಯವೇ. ಕಸದೊಳಗೆ ಚೇಳು, ಕೆಲವೊಮ್ಮೆ ಕಪ್ಪೆಯನ್ನು ಹುಡುಕಿ ಬಂದ ಹಾವು ಇರುವುದುಂಟು. ಬರಿಗೈ ಹಾಕದಿರಿ. ಹಾಳೆಯ ಗಟ್ಟಿ ಭಾಗವನ್ನು ದಂಬೆಯ ಅಗಲಕ್ಕೆ ಸರಿಯಾಗಿ ಅರ್ಧಚಂದ್ರದಂತೆ ಕತ್ತರಿಸಿ ಕೋಲಿಗೆ ಕಟ್ಟಿಕೊಂಡರೆ ಎಳೆದು ತೆಗೆಯಲು ಚೆನ್ನಾಗಿರುತ್ತದೆ, ತಗಡು ಗೀರಿ ತುಕ್ಕು ಹಿಡಿಯುವುದೂ ಇಲ್ಲ. ತೆಗೆದ ಕಪ್ಪು ಕಸವನ್ನು ಎಸೆಯಬೇಡಿ, ತರಕಾರಿ ಸಾಲಿಗೆ ಒಳ್ಳೆಯ ಗೊಬ್ಬರ.

ಈಗ ಅನೇಕ ಮನೆಗಳಲ್ಲಿ ವಯಸ್ಸಾದ ದಂಪತಿಗಳು ಮಾತ್ರ ಇದ್ದಾರೆ. ಮಕ್ಕಳು ಬೆಂಗಳೂರು, ಮುಂಬಯಿ, ಗಲ್ಫ್ ಎಂದು ಹೋಗಿದ್ದಾರೆ. ಅರವತ್ತೈದರ ಹಿರಿಯರು “ಇಷ್ಟಕ್ಕೆ ಆಳೇಕೆ” ಎಂದು ತಾವೇ ಏಣಿ ಹತ್ತುತ್ತಾರೆ. ಇದು ಉಳಿತಾಯವಲ್ಲ. ಮದ್ದು ಬಿಡಲು ಮರ ಹತ್ತುವವರು ಬಂದ ದಿನ ಒಂದೆರಡು ಗಂಟೆಯ ಕೆಲಸವೆಂದು ಮೊದಲೇ ಮಾತಾಡಿ, ಅದಕ್ಕೆ ಬೇರೆ ಸಂಬಳ ಕೊಟ್ಟು ಮಾಡಿಸಿ. ಪುಕ್ಕಟೆಯಾಗಿ “ಹಾಗೇ ಒಮ್ಮೆ ಹತ್ತಿ ನೋಡು” ಎಂದು ಹೇಳುವುದರಿಂದಲೇ ಈ ಕೆಲಸ ಅರ್ಧಂಬರ್ಧ ಆಗುವುದು. ಮೊದಲ ಮದ್ದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು ಅದಾಗಿ ಸುಮಾರು ನಲವತ್ತು ದಿನಕ್ಕೆ. ದಂಬೆಗೂ ಹೆಚ್ಚುಕಡಿಮೆ ಅದೇ ಸಮಯ ಹೊಂದುತ್ತದೆ.

ದಂಬೆಯಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ನಮ್ಮ ಕಡೆ ಗುಡ್ಡ ಕಡಿದು ಸಮತಟ್ಟು ಮಾಡಿ ಮನೆ ಕಟ್ಟುವುದು ಸಾಮಾನ್ಯ. ಮನೆಯ ಹಿಂದೊಂದು ಬರೆ, ಮುಂದೆ ಇನ್ನೊಂದು ಬರೆ. ಮುಂದಿನ ಬರೆಯ ನೆತ್ತಿಗೆ ಪೈಪಿನ ನೀರನ್ನು ಬಿಟ್ಟರೆ ಮಣ್ಣು ನೆನೆದು ಜರಿಯುತ್ತದೆ, ಕೆಳಗೆ ಇನ್ನೊಬ್ಬರ ಮನೆಯಿರುತ್ತದೆ. ಹಿಂದಿನ ಬದಿಯ ದಂಬೆ ಕಟ್ಟಿಕೊಂಡರೆ ನೀರು ಗೋಡೆಗೂ ಬರೆಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತು ಬರೆಯ ಬುಡವನ್ನು ಕೊರೆಯುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಗಳಿಗೆ ಅಷ್ಟೂ ಬೇಕಾಗಿಲ್ಲ. ಗೋಡೆಯ ಬುಡಕ್ಕೆ ನಾಲ್ಕು ದಿನ ನೀರು ಎರಚಿದರೆ ಸಾಕು. ಮುರಕಲ್ಲಿನ ಗೋಡೆಯಾದರೂ ಗಾರೆಯಿಲ್ಲದಿದ್ದರೆ ನೀರು ಕುಡಿದು ವರ್ಷವಿಡೀ ತೇವ ಬಿಡುವುದಿಲ್ಲ. ಜೂನ್, ಜುಲೈ ತಿಂಗಳಲ್ಲಿ ಗೋಡೆ ಕುಸಿದ, ಬರೆ ಜರಿದ ಸುದ್ದಿಗಳನ್ನು ಓದುವಾಗ ಎಲ್ಲವೂ ದಂಬೆಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ಮಳೆಯನ್ನು ತಡೆಯಲು ನಮ್ಮಿಂದಾಗದು, ದಂಬೆಯನ್ನು ತೆಗೆಯಲು ಆಗುತ್ತದೆ.

ಮಾಡಿನ ನೀರನ್ನು ಬಾವಿಗೆ ಇಂಗಿಸುವವರಿಗೆ ದಂಬೆಯ ಶುಚಿ ಇನ್ನೂ ಮುಖ್ಯ. ನಾಲ್ಕು ತಿಂಗಳು ಇಷ್ಟು ಸುರಿದರೂ ಮಾರ್ಚ್‌ಗೆ ಬಾವಿಯ ತಳ ಕಾಣುವ ಊರು ನಮ್ಮದು. ಆದುದರಿಂದ ಇದು ಮೆಚ್ಚಬೇಕಾದ ಕೆಲಸ. ಆದರೆ ಕೊಳೆತ ಎಲೆ, ಹಕ್ಕಿಯ ಹಿಕ್ಕೆ, ಸತ್ತ ಇಲಿಯ ಮೇಲೆ ಹರಿದು ಬಂದ ನೀರನ್ನು ಕುಡಿಯುವ ಬಾವಿಗೆ ಬಿಡುವುದು ಹೇಗೆ? ಸೋಸುವ ಮರಳಿನ ತೊಟ್ಟಿ ಆ ಕೆಸರಿಗೆ ಕೆಲವೇ ವಾರಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲ ಮಳೆಗಳ ನೀರನ್ನು ಹೊರಕ್ಕೆ ಬಿಟ್ಟು, ದಂಬೆ ತೆಗೆದ ಮೇಲೆಯೇ ಪೈಪನ್ನು ಬಾವಿಯ ಕಡೆಗೆ ತಿರುಗಿಸಬೇಕು. ಬೆಂಗಳೂರಿನಲ್ಲಿ 2009ರಲ್ಲಿ ಕಾಯಿದೆ ತಿದ್ದಿ ನಿಗದಿತ ಅಳತೆಯ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದರು. ಕಾಯಿದೆ ಪೈಪು ಹಾಕಿಸಬಲ್ಲದು, ಪ್ರತಿ ಜೂನ್‌ನಲ್ಲಿ ಏಣಿ ಹತ್ತಿಸಲಾರದು.

ಇನ್ನು ಸೊಳ್ಳೆಯ ವಿಷಯ. ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ, ಹೆಚ್ಚೆಂದರೆ ಹತ್ತು ದಿನ ಸಾಕು. ಮಳೆ ಬಿಟ್ಟು ಬಿಟ್ಟು ಬರುವ ದಿನಗಳಲ್ಲಿ ಜೋಲು ಬಿದ್ದ ದಂಬೆಯ ಒಂದಂಗುಲ ನೀರು ಇದಕ್ಕೆ ಹೇಳಿ ಮಾಡಿಸಿದ ಜಾಗ. ತೋಟದಲ್ಲಿ ಬಿದ್ದ ಹಾಳೆಗಳಲ್ಲಿ, ರಬ್ಬರ್ ಚಿಪ್ಪುಗಳಲ್ಲಿ ನೀರು ನಿಲ್ಲಬಾರದೆಂದು ಆರೋಗ್ಯ ಕಾರ್ಯಕರ್ತೆಯರು ಹೇಳುತ್ತಾರೆ, ನಾವು ಹಾಳೆಗಳನ್ನು ಮಗುಚಿ ಹಾಕುತ್ತೇವೆ. ತಲೆಯ ಮೇಲಿನ ದಂಬೆ ಅವರಿಗೂ ಕಾಣದು, ನಮಗೂ ಕಾಣದು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದ್ದನ್ನು ನಾವು ಕಂಡಿದ್ದೇವೆ. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಡುವ ಮನೆಯವರಿಗೂ ದಂಡ ವಿಧಿಸುವ ನಿಯಮ ತಂದಿತು.

ಹೊಸದಾಗಿ ಮನೆ ಕಟ್ಟುವವರಿಗೆ, ಶೀಟು ಹಾಕಿಸುವವರಿಗೆ ಒಂದೇ ಮಾತು. ದಂಬೆಗೆ ಅಳತೆ ತೆಗೆಯಲು ಬಂದವರನ್ನು “ಇದನ್ನು ತೆಗೆಯುವುದು ಎಲ್ಲಿ ನಿಂತು?” ಎಂದು ಕೇಳಿ. ಉತ್ತರವಿಲ್ಲದಿದ್ದರೆ ಅಲ್ಲಿ ದಂಬೆ ಬೇಡ. ಜಾಗವಿರುವಲ್ಲಿ ಸೂರನ್ನು ಇನ್ನೂ ಒಂದಡಿ ಚಾಚಿ ನೀರನ್ನು ಹೊರಕ್ಕೆ ಬೀಳಲು ಬಿಡಿ, ಕೆಳಗೆ ಕಲ್ಲು ಹಾಸಿ ಕಣಿ ಮಾಡಿ. ಎರಡು ಮಾಡುಗಳ ನಡುವಿನ ಸಂದಿಯಲ್ಲಿ, ಎತ್ತರಿಸಿದ ಗೋಡೆಯ ಮರೆಯಲ್ಲಿ ದಂಬೆ ಇಡುವುದನ್ನು ಸಾಧ್ಯವಾದಷ್ಟು ತಪ್ಪಿಸಿ. ತಪ್ಪಿಸಲಾಗದಿದ್ದರೆ ಅದನ್ನು ಒಂದಡಿಗೆ ಕಡಿಮೆಯಿಲ್ಲದಷ್ಟು ಅಗಲ ಮಾಡಿಸಿ, ಎರಡೂ ತುದಿಯಲ್ಲಿ ಪೈಪು ಕೊಡಿ. ಒಂದು ಪೈಪು ಕಟ್ಟಿದರೆ ಇನ್ನೊಂದರಿಂದ ನೀರು ಹೋಗುತ್ತದೆ. ನಮ್ಮ ಮನೆಯ ಸಂದಿಗೆ ಈಗ ಹಾಗೆ ಮಾಡಿಸಿದ್ದೇವೆ. ಪಕ್ಕದ ಗೋಡೆಗೆ ಏಣಿ ಒರಗಿಸಲು ಎರಡು ಕಬ್ಬಿಣದ ಕೊಕ್ಕೆಗಳನ್ನೂ ಹಾಕಿಸಿದ್ದೇವೆ. ಏಣಿ ಮೊದಲು ಹಟ್ಟಿಯ ಹಿಂದೆ ಸೌದೆಯ ಅಡಿಯಲ್ಲಿರುತ್ತಿತ್ತು, ಈಗ ಹಿತ್ತಿಲ ಜಗಲಿಯಲ್ಲೇ ಇರುತ್ತದೆ. ಅಡಿಕೆಯ ಗೋಣಿಗಳು ಅಟ್ಟದ ಇನ್ನೊಂದು ತುದಿಗೆ ಹೋಗಿವೆ.